ಲೋಟದ ತಳ: ದಿನದ ಬದುಕಿನಲ್ಲಿ ಚಿತ್ರ ಬಿಡಿಸುವ ಮನಸ್ಸು

(ಮಲೆನಾಡಿನ ತಾಲ್ಲೂಕು ಕೇಂದ್ರವೊಂದರ ಗ್ರಂಥಾಲಯದಲ್ಲಿ ಒಂದು ಭಾನುವಾರ ಆಡಿದ ಮಾತುಗಳನ್ನು ಅಲ್ಪಸ್ವಲ್ಪ ತಿದ್ದಿ ಬರೆದದ್ದು.)

ಸಂಘಟಕರು ನನಗೆ ಕೊಟ್ಟ ವಿಷಯದಲ್ಲಿ ‘ಕಲಾವಿದನ ಮನೋಧರ್ಮ’ ಎಂಬ ಮಾತಿದೆ. ನಾನು ಕಲಾವಿದನಲ್ಲ, 31 ವರ್ಷ ಪ್ರೌಢಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು, ನಿವೃತ್ತನಾದ ಮೇಲೆ ಮನೆಯ ಜಗಲಿಯಲ್ಲಿ ಕುಳಿತು ಪೆನ್ಸಿಲ್ ಚೂಪು ಮಾಡುತ್ತಿರುವವನು. ನನ್ನ ಹೆಸರಿನಲ್ಲಿ ಒಂದೇ ಒಂದು ಪ್ರದರ್ಶನವೂ ನಡೆದಿಲ್ಲ. ಆದ್ದರಿಂದ ಸ್ಫೂರ್ತಿ, ಪ್ರತಿಭೆ, ಒಳಗಣ್ಣು ಮೊದಲಾದ ದೊಡ್ಡ ಮಾತುಗಳನ್ನು ಅವುಗಳ ಹಕ್ಕುದಾರರಿಗೇ ಬಿಟ್ಟು, ಮನೆಯಿಂದ ತಂದು ಇಲ್ಲಿ ಮೇಜಿನ ಮೇಲಿಟ್ಟಿರುವ ಈ ಸ್ಟೀಲ್ ಲೋಟದಿಂದಲೇ ಆರಂಭಿಸುತ್ತೇನೆ.

ಪ್ರತಿ ವರ್ಷ ಜೂನ್ ತಿಂಗಳಲ್ಲಿ ಶಾಲೆ ಆರಂಭವಾದ ಮೊದಲ ವಾರ, ಎಂಟನೆಯ ತರಗತಿಯ ಮಕ್ಕಳ ಮುಂದೆ ಇಂಥದೇ ಒಂದು ಲೋಟವನ್ನಿಟ್ಟು, ‘ಕಣ್ಣಿಗೆ ಹೇಗೆ ಕಾಣುತ್ತದೋ ಹಾಗೆಯೇ ಬರೆಯಿರಿ’ ಎನ್ನುತ್ತಿದ್ದೆ. ಐದು ನಿಮಿಷದಲ್ಲಿ ಎಲ್ಲರ ಲೋಟವೂ ಮುಗಿಯುತ್ತಿತ್ತು, ಮತ್ತು ಹೆಚ್ಚುಕಡಿಮೆ ಎಲ್ಲರ ಲೋಟವೂ ಒಂದೇ ತೆರನಾಗಿರುತ್ತಿತ್ತು: ಬಾಯಿಗೆ ಮೊಟ್ಟೆಯಾಕಾರದ ಒಂದು ಸುತ್ತು, ಎರಡು ಬದಿಗೆ ಎರಡು ಗೆರೆ, ತಳಕ್ಕೆ ಅಡಿಕೋಲಿಟ್ಟು ಎಳೆದಂತಹ ಒಂದು ನೇರ ಗೆರೆ. ಆದರೆ ಲೋಟವನ್ನು ಸ್ವಲ್ಪವಾದರೂ ಮೇಲಿನಿಂದ ನೋಡುತ್ತಿರುವವರಿಗೆ ಅದರ ತಳ ನೇರವಾಗಿ ಕಾಣುವುದೇ ಇಲ್ಲ. ಅದು ಕೆಳಮುಖವಾಗಿ ಬಾಗಿದ ಗೆರೆಯಾಗಿ ಕಾಣುತ್ತದೆ. ಅಷ್ಟೇ ಅಲ್ಲ, ತಳವು ಕಣ್ಣಿನ ಮಟ್ಟದಿಂದ ಬಾಯಿಗಿಂತಲೂ ಕೆಳಗಿರುವುದರಿಂದ, ಬಾಯಿಯ ಸುತ್ತಿಗಿಂತ ತಳದ ಸುತ್ತು ಇನ್ನಷ್ಟು ದುಂಡಗೆ ಕಾಣಬೇಕು. ಮುಂದಿನ ಸಾಲಿನಲ್ಲಿ ಕುಳಿತವರು ಈಗಲೇ ನೋಡಬಹುದು. ಮಕ್ಕಳ ಕಣ್ಣಿನಲ್ಲಿ ದೋಷವಿರಲಿಲ್ಲ. ಲೋಟದ ತಳ ಚಪ್ಪಟೆಯಾಗಿರುತ್ತದೆ, ಇಲ್ಲವಾದರೆ ಅದು ಅಲುಗಾಡದೆ ನಿಲ್ಲುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಆ ಗೊತ್ತಿದ್ದದ್ದು ಕಣ್ಣಿನ ಅಪ್ಪಣೆಗೆ ಕಾಯದೆ ನೇರವಾಗಿ ಕೈಗೆ ಇಳಿದುಬಿಟ್ಟಿತ್ತು.

ಗೊತ್ತಿರುವುದನ್ನು ಒಂದು ಗಳಿಗೆ ಹೊಸಿಲಾಚೆ ನಿಲ್ಲಿಸಿ, ಕಣ್ಣು ತನ್ನ ಕೆಲಸವನ್ನು ಪೂರ್ತಿ ಮಾಡಲು ಬಿಡುವ ಅಭ್ಯಾಸವನ್ನೇ ನಾನು ಕಲಾವಿದನ ಮನೋಧರ್ಮ ಎಂದುಕೊಂಡಿದ್ದೇನೆ. ಈ ಅಭ್ಯಾಸಕ್ಕೆ ಕ್ಯಾನ್ವಾಸು ಬೇಕಾಗಿಲ್ಲ, ಬಣ್ಣವೂ ಬೇಕಾಗಿಲ್ಲ. ಆದರೆ ಅದು ತಾನಾಗಿ ಬರುವುದಿಲ್ಲ, ಬಂದದ್ದು ಉಳಿಯುವುದೂ ಇಲ್ಲ ಎಂಬುದನ್ನು ನನ್ನ ಅನುಭವದಿಂದ ಹೇಳಬಲ್ಲೆ.

ನಾನು ಮೊದಲು ಕೆಲಸಕ್ಕೆ ಸೇರಿದ್ದು ವಿಜಯಪುರ ಜಿಲ್ಲೆಯ ಎರೆಭೂಮಿಯ ಒಂದು ಹಳ್ಳಿಯಲ್ಲಿ. ಶಾಲೆಯ ಮಾಳಿಗೆ ಹತ್ತಿ ನಿಂತರೆ ನಾಲ್ಕು ದಿಕ್ಕಿಗೂ ಜೋಳದ ಹೊಲ, ಅದರಾಚೆ ಆಕಾಶ. ‘ನಿಮ್ಮೂರಿನ ದೃಶ್ಯವನ್ನು ಬರೆಯಿರಿ’ ಎಂದರೆ ಅಲ್ಲಿನ ಮಕ್ಕಳು ಎರಡು ತ್ರಿಕೋನದ ಗುಡ್ಡ, ಅವುಗಳ ನಡುವೆ ಕಿರಣ ಚೆಲ್ಲುವ ಸೂರ್ಯ, ಗುಡ್ಡದಿಂದ ಅಂಕುಡೊಂಕಾಗಿ ಇಳಿದು ಬರುವ ಹೊಳೆ, ಹೊಳೆಯ ದಡದಲ್ಲಿ ಒಂದು ಹೆಂಚಿನ ಮನೆ ಮತ್ತು ಒಂದು ತೆಂಗಿನ ಮರವನ್ನು ಬರೆದು ತರುತ್ತಿದ್ದರು. ಹತ್ತು ಹರದಾರಿಯಲ್ಲಿ ಅಂಥ ಗುಡ್ಡವಿರಲಿಲ್ಲ, ಹೆಂಚಿನ ಮನೆಯೂ ಇರಲಿಲ್ಲ. ಆಮೇಲೆ ವರ್ಗವಾಗಿ ಈ ಕಡೆಗೆ ಬಂದಾಗ, ಇಲ್ಲಿ ಸುತ್ತಲೂ ಗುಡ್ಡಗಳೇ ಇರುವುದರಿಂದ ಮಕ್ಕಳ ಚಿತ್ರ ಬೇರೆಯಾಗಿರುತ್ತದೆ ಎಂದುಕೊಂಡೆ. ಇಲ್ಲಿಯೂ ಅದೇ ಎರಡು ತ್ರಿಕೋನ, ಅದೇ ಸೂರ್ಯ. ನಮ್ಮ ಗುಡ್ಡಗಳು ತ್ರಿಕೋನವಲ್ಲ, ಮಲಗಿದ ಎಮ್ಮೆಯ ಬೆನ್ನಿನಂತೆ ದುಂಡಗಿವೆ, ಒಂದರ ಹಿಂದೊಂದು ಐದಾರು ಸಾಲು ನಿಂತಿವೆ, ಹಿಂದಿನದು ಮುಂದಿನದಕ್ಕಿಂತ ತಿಳಿಯಾಗುತ್ತ ಹೋಗಿ ಕೊನೆಯದು ಆಕಾಶದಲ್ಲೇ ಕರಗಿರುತ್ತದೆ. ಅದನ್ನು ದಿನವೂ ಕಂಡು ಶಾಲೆಗೆ ನಡೆದು ಬರುವ ಮಗು ಕೂಡ ಕಾಗದದ ಮುಂದೆ ಕುಳಿತ ಕೂಡಲೇ ಯಾರೋ ಎಂದೋ ಕೊಟ್ಟ ಚಿತ್ರವನ್ನು ಹೊರತೆಗೆಯುತ್ತದೆ.

ಮಕ್ಕಳನ್ನು ದೂರುವ ಹಕ್ಕು ನನಗಿಲ್ಲ. ಇಲ್ಲಿಗೆ ಬಂದ ಹೊಸತರಲ್ಲಿ, ಆ ಶಾಲೆಯ ಹೆಸರು ಬೇಡ, ಏಳನೆಯ ತರಗತಿಯ ಹುಡುಗಿಯೊಬ್ಬಳು ಅಡಿಕೆ ತೋಟದ ಚಿತ್ರ ಬರೆದುಕೊಟ್ಟಳು. ಮರದ ಕಾಂಡಕ್ಕೆ ಬೂದಿ ಬಣ್ಣ ಹಚ್ಚಿ, ಅದರ ಮೇಲೆ ಅಲ್ಲಲ್ಲಿ ಬಿಳಿಯ ಮಚ್ಚೆ ಇಟ್ಟು, ಮೇಲಿನಿಂದ ಕೆಳಕ್ಕೆ ತೆಳುವಾದ ನೀಲಿ ಗೆರೆಗಳನ್ನು ಎಳೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ‘ಮರದ ಬಣ್ಣ ಕಂದು’ ಎಂದು ಬರೆದು ಹತ್ತಕ್ಕೆ ನಾಲ್ಕು ಅಂಕ ಹಾಕಿದೆ. ಅವಳು ಪುಸ್ತಕ ಹಿಡಿದು ಮೇಜಿನ ಹತ್ತಿರ ನಿಂತು, ‘ನಮ್ಮ ತೋಟದ ಮರ ಹೀಗೇ ಇರೋದು ಸಾರ್’ ಎಂದಳು. ‘ನೀಲಿ ಎಲ್ಲಿಂದ ಬಂತು?’ ಎಂದು ಗದರಿದೆ. ‘ಅದು ಔಷಧಿ ಹೊಡೆದದ್ದು ಸಾರ್.’ ಇಲ್ಲಿರುವ ಹೆಚ್ಚಿನವರಿಗೆ ವಿವರಿಸುವ ಅಗತ್ಯವಿಲ್ಲ. ಮಳೆಗಾಲದಲ್ಲಿ ಕೊಳೆರೋಗ ಬಾರದಿರಲೆಂದು ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಅಡಿಕೆ ಗೊನೆಗಳಿಗೆ ಹೊಡೆಯುತ್ತಾರೆ, ಅದು ಕಾಂಡದ ಮೇಲೆ ಇಳಿದು ನೀಲಿ ಕರೆಯಾಗಿ ಉಳಿಯುತ್ತದೆ. ಆ ಸಂಜೆ ಬಸ್ಸಿಗೆ ಕಾಯುತ್ತ ರಸ್ತೆಯ ಪಕ್ಕದ ತೋಟವನ್ನು ನೋಡಿದೆ. ಎಳೆಯ ಮರಗಳ ಕಾಂಡ ಹಸಿರು, ಬಲಿತವು ಬೂದಿ, ಅದರ ಮೇಲೆ ಕಲ್ಲುಹೂವಿನ ಬಿಳಿ ಮಚ್ಚೆ, ಹಾಳೆ ಕಳಚಿ ಬಿದ್ದಲ್ಲೆಲ್ಲ ಬಳೆಯಂತಹ ಸುತ್ತು ಗೆರೆ. ಕಂದು ಬಣ್ಣದ ಒಂದು ಮರವೂ ಇರಲಿಲ್ಲ. ಬಣ್ಣದ ಪೆಟ್ಟಿಗೆಯಲ್ಲಿ ಕಂದು ಇರುವುದೇ ಮರದ ಕಾಂಡಕ್ಕಾಗಿ ಎಂದು ನಂಬಿದ್ದವನು ನಾನು, ಅದೂ ಚಿತ್ರಕಲೆಯ ಪರೀಕ್ಷೆಗಳನ್ನು ಪಾಸು ಮಾಡಿದವನು. ಮರುದಿನ ಅವಳ ಪುಸ್ತಕ ಕೇಳಿ ಪಡೆದು ಅಂಕ ತಿದ್ದಿದೆ. ಆದರೆ ಆ ಕೆಂಪು ಶಾಯಿಯ ವಾಕ್ಯ ಹಾಗೆಯೇ ಉಳಿಯಿತು, ಏಕೆಂದರೆ ಶಾಯಿ ಅಳಿಸುವುದಿಲ್ಲ.

ಆ ಹುಡುಗಿಗೆ ಕಂಡದ್ದು ನನಗೇಕೆ ಕಾಣಲಿಲ್ಲ ಎಂದು ಆಮೇಲೆ ಬಹಳ ದಿನ ಯೋಚಿಸಿದೆ. ಅವಳ ಮನೆಯಲ್ಲಿ ಮರದ ಬಣ್ಣಕ್ಕೆ ಅರ್ಥವಿತ್ತು. ನೀಲಿ ಕರೆ ಇದೆಯೆಂದರೆ ಔಷಧಿ ಬಿದ್ದಿದೆ ಎಂದರ್ಥ, ಇಲ್ಲವೆಂದರೆ ಆ ಮರ ತಪ್ಪಿಹೋಗಿದೆ ಎಂದರ್ಥ. ಅಡಿಕೆ ಗೊನೆ ಇಳಿಸುವ ಕೊನೆಗೌಡ ಮರ ಹತ್ತುವ ಮುಂಚೆ ಬುಡದಿಂದ ಸುಳಿಯವರೆಗೆ ಒಮ್ಮೆ ಕಣ್ಣಾಡಿಸುವುದನ್ನು ನೀವು ಕಂಡಿದ್ದೀರಿ. ಯಾವ ಮರ ತನ್ನ ಭಾರ ತಡೆದೀತು, ಯಾವುದು ಪಾಚಿ ಹಿಡಿದು ಜಾರುತ್ತದೆ, ಯಾವ ಮರವನ್ನು ಬಾಗಿಸಿ ಪಕ್ಕದ್ದಕ್ಕೆ ಹಾಯಬಹುದು ಎಂಬುದೆಲ್ಲ ಆ ಒಂದು ನೋಟದಲ್ಲಿ ತೀರ್ಮಾನವಾಗಬೇಕು. ಅವನ ಕಣ್ಣು ತಪ್ಪಿದರೆ ಅಂಕ ಹೋಗುವುದಿಲ್ಲ, ಸೊಂಟ ಹೋಗುತ್ತದೆ. ನೋಡುವುದನ್ನು ಕಲಿಯಬೇಕೆನ್ನುವವರು ಚಿತ್ರಶಾಲೆಗೆ ಹೋಗುವ ಮೊದಲು ಇಂಥವರ ಪಕ್ಕದಲ್ಲಿ ಒಂದು ದಿನ ನಿಂತರೆ ಒಳ್ಳೆಯದು.

ಕನ್ನಡದಲ್ಲಿ ನಾವು ಚಿತ್ರವನ್ನು ‘ಬರೆಯುತ್ತೇವೆ’, ‘ಬಿಡಿಸುತ್ತೇವೆ’ ಕೂಡ. ಈ ಎರಡನೆಯ ಮಾತು ನನಗೆ ಬಹಳ ಇಷ್ಟವಾದದ್ದು. ಹೂ ಬಿಡಿಸುವುದು, ಅವರೆಕಾಯಿ ಬಿಡಿಸುವುದು, ಗಂಟು ಬಿಡಿಸುವುದು, ಲೆಕ್ಕ ಬಿಡಿಸುವುದು, ಬಿಡಿಸಿ ಹೇಳುವುದು. ಇಷ್ಟೆಲ್ಲ ಕೆಲಸಗಳಿಗೆ ನಮ್ಮವರು ಬಳಸಿದ ಕ್ರಿಯಾಪದವನ್ನೇ ಚಿತ್ರಕ್ಕೂ ರಂಗೋಲಿಗೂ ಬಳಸಿದ್ದಾರೆ. ಕಾಗದದ ಮೇಲೆ ಹೊಸದೇನನ್ನೋ ತುಂಬುವುದಕ್ಕಿಂತ, ಒಂದಕ್ಕೊಂದು ಅಂಟಿಕೊಂಡಿರುವುದನ್ನು ಬೇರೆಬೇರೆಯಾಗಿ ಕಾಣುವಂತೆ ಮಾಡುವುದೇ ಚಿತ್ರದ ಕೆಲಸ ಎಂಬ ತಿಳಿವಳಿಕೆ ಆ ಮಾತಿನೊಳಗೆ ಇದೆ ಎಂದು ನನ್ನ ಭಾವನೆ. ಭಾಷಾಶಾಸ್ತ್ರಜ್ಞರು ಒಪ್ಪುತ್ತಾರೋ ಇಲ್ಲವೋ, ತರಗತಿಯಲ್ಲಿ ಈ ವಿವರಣೆ ಚೆನ್ನಾಗಿ ಕೆಲಸ ಮಾಡಿದೆ. ಅವರೆಕಾಯಿ ಬಿಡಿಸುವವರು ಸಿಪ್ಪೆಯನ್ನು ನೋಡಿಯೇ ಒಳಗೆ ಹುಳವಿದೆಯೇ ಎಂದು ಅಂದಾಜು ಮಾಡುತ್ತಾರೆ, ಆದರೂ ಬಿಡಿಸಿ ನೋಡದೆ ಪಾತ್ರೆಗೆ ಹಾಕುವುದಿಲ್ಲ.

ಸಿದ್ಧ ಉತ್ತರವನ್ನು ಬಿಡಿಸಿ ನೋಡುವುದು ಚಿತ್ರಗಾರರ ಸ್ವತ್ತೇನೂ ಅಲ್ಲ. ಸಮುದ್ರ ಏಕೆ ನೀಲಿ ಎಂದು ಯಾರನ್ನಾದರೂ ಕೇಳಿ, ‘ಆಕಾಶದ ಬಣ್ಣ ನೀರಿನಲ್ಲಿ ಕಾಣುತ್ತದೆ’ ಎಂಬ ಉತ್ತರ ಇಂದಿಗೂ ಬರುತ್ತದೆ. ಒಂದು ಕಾಲಕ್ಕೆ ಲಾರ್ಡ್ ರ‍್ಯಾಲೆಯಂತಹ ದೊಡ್ಡ ವಿಜ್ಞಾನಿಯೂ ಹಾಗೆಯೇ ಹೇಳಿದ್ದರು. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಹಿಂದಿರುಗುತ್ತಿದ್ದ ಸಿ.ವಿ. ರಾಮನ್ ಮೆಡಿಟರೇನಿಯನ್ ಸಮುದ್ರವನ್ನು ನೋಡಿ ಆ ಉತ್ತರಕ್ಕೆ ತೃಪ್ತರಾಗಲಿಲ್ಲ. ನೀರಿನ ಮೇಲ್ಮೈಯಿಂದ ಪ್ರತಿಫಲಿಸಿ ಬರುವ ಬೆಳಕನ್ನು ತಡೆಯಬಲ್ಲ ನಿಕೋಲ್ ಪಟ್ಟಕವನ್ನು ಕಣ್ಣಿಗೆ ಹಿಡಿದು ನೋಡಿದರು. ಆಕಾಶದ ಪ್ರತಿಬಿಂಬವನ್ನು ತೆಗೆದ ಮೇಲೂ ನೀಲಿ ಹೋಗಲಿಲ್ಲ, ಇನ್ನಷ್ಟು ಗಾಢವಾಯಿತು. ಅಲ್ಲಿಂದ ಬೆಳಕಿನ ಚದುರುವಿಕೆಯ ಹಿಂದೆ ಬಿದ್ದು 1928ರ ಶೋಧಕ್ಕೂ 1930ರ ನೊಬೆಲ್‌ಗೂ ಮುಟ್ಟಿದ ಕಥೆ ಎಲ್ಲರಿಗೂ ತಿಳಿದದ್ದೇ. ನನಗೆ ಬೇಕಾಗಿರುವುದು ಆ ಹಡಗಿನ ಅಟ್ಟದ ಮೇಲಿನ ಗಳಿಗೆ ಮಾತ್ರ: ಅಷ್ಟು ಜನ ಪ್ರಯಾಣಿಕರು ‘ಎಷ್ಟು ಚೆಂದ’ ಎಂದು ಮುಂದೆ ಹೋಗುತ್ತಿರುವಾಗ ಒಬ್ಬರು ನಿಂತು, ಮೇಲಿನ ಹೊಳಪನ್ನು ಪಕ್ಕಕ್ಕೆ ಸರಿಸಿ ನೋಡಿದ್ದು.

ಇನ್ನು ನನ್ನ ಅಮ್ಮನ ವಿಚಾರ. ಅರಸೀಕೆರೆ ಕಡೆಯ ನಮ್ಮ ಹಳ್ಳಿಯಲ್ಲಿ ಅಮ್ಮ ಬೆಳಗಿನ ಜಾವ ಬಾಗಿಲ ಮುಂದೆ ಸಗಣಿ ಸಾರಿಸಿ, ನೆಲ ಪೂರ್ತಿ ಒಣಗುವ ಮೊದಲೇ ರಂಗೋಲಿಗೆ ಕೂರುತ್ತಿದ್ದಳು. ಹಬ್ಬದ ದಿನ ಅವಳು ಹಾಕುತ್ತಿದ್ದದ್ದು ‘15ರಿಂದ 8ಕ್ಕೆ’ ಎಂಬ ಚುಕ್ಕಿ ರಂಗೋಲಿ. ಮಧ್ಯದ ಸಾಲಿನಲ್ಲಿ 15 ಚುಕ್ಕಿ. ಅದರ ಮೇಲಕ್ಕೂ ಕೆಳಕ್ಕೂ ಹಿಂದಿನ ಸಾಲಿನ ಸಂದಿಗೆ ಸರಿಯಾಗಿ 14, 13 ಎಂದು ಇಳಿಸುತ್ತ ಹೋಗಿ 8ಕ್ಕೆ ನಿಲ್ಲಿಸುವುದು. ಕೂಡಿದರೆ 169 ಚುಕ್ಕಿಗಳಾಗುತ್ತವೆ. ಅದನ್ನು ಕೂಡಿ ನೋಡಿದವನು ನಾನು, ಅಮ್ಮನಿಗೆ ಆ ಮೊತ್ತದ ಅಗತ್ಯವೇ ಬೀಳಲಿಲ್ಲ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಪುಡಿಯನ್ನು ಹಿಡಿದು ಬಿಡುವಾಗ ಅವಳು ಬೆರಳನ್ನು ನೋಡುತ್ತಿರಲಿಲ್ಲ, ಮುಂದಿನ ಚುಕ್ಕಿ ಬೀಳಬೇಕಾದ ಜಾಗವನ್ನು ನೋಡುತ್ತಿದ್ದಳು. ಇದನ್ನು ನಾನು ಗಮನಿಸಿದ್ದು ಮೇಷ್ಟ್ರಾದ ಮೇಲೆ, ರಜೆಗೆ ಹೋದಾಗ. ಚಿಕ್ಕಂದಿನಲ್ಲಿ ಆ ರಂಗೋಲಿಯನ್ನು ತುಳಿದುಕೊಂಡು ಓಡಿದವನೇ ನಾನು.

ಒಂದು ಸಲ ಒಂದು ಸಾಲು ಓರೆಯಾಯಿತು. ‘ಅಳಿಸಿ ಹಾಕಮ್ಮ’ ಎಂದೆ. ‘ಚುಕ್ಕಿ ತಪ್ಪಿದರೆ ಅಳಿಸಬಾರದು, ಗೆರೆಯಲ್ಲಿ ಸರಿಮಾಡಿಕೊಳ್ಳಬೇಕು’ ಎಂದಳು. ಇದನ್ನು ಎತ್ತಿಕೊಂಡು ಒಂದು ತತ್ತ್ವ ಕಟ್ಟುವುದು ಸುಲಭ, ನಾನೂ ಕೆಲವು ವರ್ಷ ಕಟ್ಟಿದ್ದೆ. ಅಮ್ಮನ ಕಾರಣ ಬೇರೆಯೇ ಇತ್ತು: ಹಸಿ ಸಗಣಿ ನೆಲದ ಮೇಲೆ ಪುಡಿಯನ್ನು ಉಜ್ಜಿದರೆ ಅದು ಬೆಳ್ಳಗೆ ಮೆತ್ತಿಕೊಂಡು ಇಡೀ ಜಾಗ ಕೆಡುತ್ತದೆ, ಮತ್ತೆ ಸಾರಿಸಬೇಕಾಗುತ್ತದೆ. ಒಂದು ಸಾಲು ಓರೆಯಾದದ್ದಕ್ಕೆ ತಕ್ಕಂತೆ ಎದುರು ಬದಿಯ ಎಳೆಯನ್ನೂ ಒಂದು ಕೂದಲಷ್ಟು ಓರೆ ಮಾಡಿ, ನೋಡಿದವರಿಗೆ ಅದು ಹಾಗೆಯೇ ಇರಬೇಕಿತ್ತು ಎನ್ನಿಸುವಂತೆ ಮಾಡಿದಳು. ನೆಲ ಏನನ್ನು ಒಪ್ಪುತ್ತದೆ, ಪುಡಿ ಏನನ್ನು ಒಪ್ಪುತ್ತದೆ ಎಂಬುದನ್ನು ಅರಿತವಳಿಗೆ ಮಾತ್ರ ಹಾಗೆ ಸರಿಮಾಡಿಕೊಳ್ಳಲು ಬರುತ್ತದೆ.

ಅಡುಗೆ ಮನೆಯಲ್ಲಿ ಇದಕ್ಕೇ ಹದ ಎನ್ನುತ್ತಾರೆ. ರವೆ ಉಂಡೆಗೆ ಒಂದೆಳೆ ಪಾಕ ಬೇಕು. ಕುದಿಯುವ ಸಕ್ಕರೆ ಪಾಕದ ಒಂದು ತೊಟ್ಟನ್ನು ಬೆರಳುಗಳ ನಡುವೆ ತೆಗೆದುಕೊಂಡು ಅಗಲಿಸಿದರೆ ಒಂದು ಎಳೆ ಕಡಿಯದೆ ನಿಲ್ಲಬೇಕು. ಎಷ್ಟು ನಿಮಿಷ ಎಂದು ಕೇಳಿದರೆ ಉತ್ತರವಿಲ್ಲ, ಏಕೆಂದರೆ ಅದು ಒಲೆಯ ಉರಿ, ಪಾತ್ರೆಯ ದಪ್ಪ, ಹಾಕಿದ ನೀರು ಇವುಗಳ ಮೇಲೆ ನಿಂತಿದೆ. ಹದ ಕಳೆದ ಮೇಲೆ ಉಂಡೆ ಕಲ್ಲಾಗುತ್ತದೆ. ಮಣ್ಣಿಗೂ ಹದವಿದೆ, ಮಾತಿಗೂ ಇದೆ ಎನ್ನುವ ನಮ್ಮ ಭಾಷೆ, ಬೆರಳಿನಿಂದ ತಿಳಿಯುವ ತಿಳಿವನ್ನು ಪುಸ್ತಕದ ತಿಳಿವಿಗಿಂತ ಕೀಳೆಂದು ಎಣಿಸಿಲ್ಲ. ನನ್ನ ತರಗತಿಗಳಲ್ಲಿ ಶೇಡಿಂಗ್ ಕಲಿಸುವಾಗ ಪೆನ್ಸಿಲನ್ನು ಎಷ್ಟು ಒತ್ತಬೇಕೆಂದು ಹೇಳಲು ಹದವಲ್ಲದೆ ಬೇರೆ ಮಾತು ನನಗೆ ಸಿಗಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಸೇರಿಸದೆ ಹೋದರೆ ನಾನು ಅಮ್ಮನಿಗೆ ದ್ರೋಹ ಮಾಡಿದಂತೆ. ಇಂಥ ಉಪನ್ಯಾಸಗಳಲ್ಲಿ ತಾಯಂದಿರ ರಂಗೋಲಿಯನ್ನೂ ಅಡುಗೆಯನ್ನೂ ಕಲೆಯೆಂದು ಕೊಂಡಾಡಿ, ಅದನ್ನು ದಿನವೂ ಬೆನ್ನು ಬಗ್ಗಿಸಿ ಮಾಡಿದವರಿಗೆ ಬೇಡವೆನ್ನುವ ಸ್ವಾತಂತ್ರ್ಯವಿತ್ತೇ ಎಂದು ಕೇಳದೆ ಬಿಡುವ ರೂಢಿಯಿದೆ. ಅಮ್ಮನಿಗೆ ಕೊನೆಯ ವರ್ಷಗಳಲ್ಲಿ ಸೊಂಟ ನೋವಿತ್ತು. ಎಷ್ಟೋ ಬೆಳಗು ಅವಳು ಶಾಸ್ತ್ರಕ್ಕೆಂದು ನಾಲ್ಕು ಎಳೆ ಎಳೆದು ಒಳಗೆ ಬಂದುಬಿಡುತ್ತಿದ್ದಳು. ಆ ನಾಲ್ಕು ಎಳೆಯಲ್ಲಿ ಯಾವ ಕಲೆಯೂ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಬದುಕೇ ಒಂದು ಕಲೆ ಎಂದು ಎಲ್ಲ ಕೆಲಸಕ್ಕೂ ಬಣ್ಣ ಹಚ್ಚುವವರ ಮಾತನ್ನು ನಾನು ಒಪ್ಪುವುದಿಲ್ಲ. ಕೆಲವು ಕೆಲಸ ಬರೀ ಕೆಲಸ. ಅವನ್ನು ಬೇಗ ಮುಗಿಸುವುದೇ ಸರಿ.

‘ಮನೋಧರ್ಮ’ ಎಂಬ ಪದಕ್ಕೆ ಬರುತ್ತೇನೆ. ಕರ್ನಾಟಕ ಸಂಗೀತದಲ್ಲಿ ಈ ಪದಕ್ಕೆ ಖಚಿತವಾದ ಅರ್ಥವಿದೆ. ಆಲಾಪನೆ, ನೆರವಲ್, ಕಲ್ಪನಾಸ್ವರ ಮೊದಲಾಗಿ ಹಾಡುವವರು ಆ ಗಳಿಗೆಯಲ್ಲಿ ಸ್ವಂತವಾಗಿ ಬೆಳೆಸುವ ಭಾಗಕ್ಕೆ ಮನೋಧರ್ಮ ಸಂಗೀತವೆಂದು ಹೆಸರು. ಆದರೆ ಯಾವ ಗುರುವೂ ಮೊದಲ ದಿನವೇ ಶಿಷ್ಯನಿಗೆ ‘ನಿನ್ನ ಮನೋಧರ್ಮದಂತೆ ಹಾಡು’ ಎನ್ನುವುದಿಲ್ಲ. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಗೀತೆ, ವರ್ಣ, ಕೃತಿ ಎಂದು ವರ್ಷಗಟ್ಟಲೆ ಪರರ ದಾರಿಯಲ್ಲಿ ನಡೆದ ಮೇಲೆ ಆ ಬಾಗಿಲು ತೆರೆಯುತ್ತದೆ. ಈಗ ಕಚೇರಿಗಳಲ್ಲಿ ಒಂದು ಮಧ್ಯಾಹ್ನದ ಕಾರ್ಯಾಗಾರ ಏರ್ಪಡಿಸಿ, ಬಣ್ಣದ ಕಾಗದ ಹಂಚಿ, ಸಂಜೆಯ ಹೊತ್ತಿಗೆ ಎಲ್ಲರನ್ನೂ ಸೃಜನಶೀಲರನ್ನಾಗಿ ಮಾಡಿ ಕಳುಹಿಸುವ ಪದ್ಧತಿ ಬಂದಿದೆ. ನನ್ನನ್ನೂ ಒಮ್ಮೆ ಕರೆದಿದ್ದರು. ನಾನು ಲೋಟವಿಟ್ಟು ಬರೆಯಲು ಹೇಳಿದೆ, ಮತ್ತೆ ಕರೆಯಲಿಲ್ಲ.

ಅಭ್ಯಾಸವೆಂದರೆ ಒಂದೇ ಗೆರೆಯನ್ನು ಸಾವಿರ ಸಲ ಎಳೆಯುವುದು ಎಂದು ತಿಳಿಯಬೇಕಾಗಿಲ್ಲ. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಹೆಸರು ಮಾಡಿದ ಚಿತ್ರಕಾರರು. ಲಯವನ್ನು ಅರಿಯಬೇಕೆಂದು ಅವರು ಪಂಡಿತ್ ಸುಂದರ ಪ್ರಸಾದರ ಬಳಿ ಎರಡು ವರ್ಷ ಕಥಕ್ ಕಲಿತರು. ನರ್ತಕನಾಗಬೇಕೆಂಬ ಆಸೆಯಿಂದಲ್ಲ, ಗೆರೆಗಾಗಿ. ಅವರ ರೇಖಾಚಿತ್ರಗಳಲ್ಲಿ ಒಂದು ಗೆರೆ ಭುಜದಿಂದ ಹೊರಟು ಮೊಣಕೈಯಲ್ಲಿ ತುಸು ತಡೆದು ಬೆರಳ ತುದಿಯಲ್ಲಿ ಬಿಟ್ಟುಹೋಗುವ ರೀತಿಯನ್ನು ನೋಡಿದವರಿಗೆ, ಕಾಲು ಕಲಿತದ್ದು ಕೈಗೆ ಹೇಗೆ ಬಂದಿದೆ ಎಂಬುದು ತಿಳಿಯುತ್ತದೆ. ಮೈಸೂರಿನ ಕೆ. ವೆಂಕಟಪ್ಪನವರು, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಶಿಷ್ಯರಾಗಿದ್ದವರು, ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆಯಿದೆ. ಅಲ್ಲಿ ಅವರ ಊಟಿಯ ಜಲವರ್ಣ ಚಿತ್ರಗಳ ಮುಂದೆ ನಾನು ಒಂದು ಮಧ್ಯಾಹ್ನ ಪೂರ್ತಿ ನಿಂತಿದ್ದೆ. ಊಟಿ ಎಂದರೆ ನಮ್ಮ ಮನಸ್ಸಿಗೆ ಬರುವ ಒಂದೇ ಒಂದು ಚಿತ್ರವಿದೆಯಲ್ಲ, ಅದು ಅಲ್ಲಿಲ್ಲ. ಮಂಜಿನ ಊಟಿ ಬೇರೆ, ಮೋಡ ಒಡೆಯುವ ಹೊತ್ತಿನದು ಬೇರೆ, ಬೆಳದಿಂಗಳಿನದು ಬೇರೆ. ಅವೆಲ್ಲ ಒಂದೇ ಊರು ಎಂಬ ನಮ್ಮ ತಿಳಿವಳಿಕೆಗೆ ಅವರ ಕುಂಚ ಮಣಿದಿಲ್ಲ.

ಕೈಯಲ್ಲಿರುವ ಸಾಮಗ್ರಿ ಕಡಿಮೆಯಾದಷ್ಟೂ ಈ ಕಣ್ಣು ಚುರುಕಾಗುತ್ತದೆ ಎಂಬುದಕ್ಕೆ ನಮ್ಮ ಸಾಗರ, ಸೊರಬ ಕಡೆಯ ದೀವರ ಸಮುದಾಯದ ಮನೆಗಳ ಚಿತ್ತಾರವನ್ನು ನೋಡಬೇಕು. ಕೆಮ್ಮಣ್ಣಿನ ಕೆಂಪು, ಅರೆದ ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆಯ ಹಳದಿ, ಇಷ್ಟೇ ಬಣ್ಣ. ಕುಂಚವೆಂದರೆ ಪುಂಡಿ ನಾರು. ಮದುವೆಯ ಹಸೆ ಗೋಡೆಯಾಗಲಿ, ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಬುಟ್ಟಿಯಾಗಲಿ, ಅದರ ಮೇಲೆ ಹೆಂಗಸರು ಎಳೆಯುವ ಗೆರೆಗಳ ನಡುವಿನ ಅಂತರ ಅಳತೆಪಟ್ಟಿ ಹಿಡಿದವರನ್ನೂ ನಾಚಿಸುವಷ್ಟು ಸಮನಾಗಿರುತ್ತದೆ. ನಾಲ್ಕು ಬಣ್ಣವಷ್ಟೇ ಇರುವಾಗ ಐದನೆಯದನ್ನು ಬಯಸುತ್ತ ಕೂರುವುದರ ಬದಲು ಗೆರೆಯ ದಪ್ಪ, ತೆಳು, ಒತ್ತು, ಬಿಡುವುಗಳಲ್ಲೇ ಎಲ್ಲವನ್ನೂ ಹೇಳಬೇಕಾಗುತ್ತದೆ. ಬೂದಿ ಬಣ್ಣವೇ ಇಲ್ಲದ ಪೆಟ್ಟಿಗೆಯಲ್ಲಿ ಕಪ್ಪನ್ನೂ ಬಿಳಿಯನ್ನೂ ಕಲಸಿ ಅಡಿಕೆ ಮರದ ಬೂದಿಯನ್ನು ಮಾಡಿಕೊಂಡ ಆ ಹುಡುಗಿ ನನಗೆ ಇಲ್ಲಿ ಮತ್ತೆ ನೆನಪಾಗುತ್ತಾಳೆ.

ಚಿತ್ರ ಬರೆಯಲು ಬಾರದವರು, ಬರೆಯಲು ಇಷ್ಟವಿಲ್ಲದವರು ಏನು ಮಾಡಬೇಕು ಎಂದು ಕೇಳಬಹುದು. ನಾನು ಅಂಗಿಯ ಜೇಬಿನಲ್ಲಿ ಹಾಲಿನ ಲೆಕ್ಕ ಬರೆಯುವಂತಹ ಒಂದು ಚಿಕ್ಕ ಪುಸ್ತಕ ಇಟ್ಟುಕೊಂಡಿರುತ್ತೇನೆ. ದಿನಕ್ಕೆ ಒಂದೇ ಒಂದು ಸಂಗತಿ, ಅಂದು ಕಣ್ಣಾರೆ ಕಂಡದ್ದು, ಎರಡು ಸಾಲಿನಲ್ಲಿ. ಸುಂದರ, ಅದ್ಭುತ, ರಮಣೀಯ ಎಂಬ ಪದಗಳಿಗೆ ಅದರಲ್ಲಿ ಪ್ರವೇಶವಿಲ್ಲ, ಏಕೆಂದರೆ ಅವು ನೋಡುವುದನ್ನು ಮುಗಿಸಿಬಿಡುವ ಪದಗಳು. ಮೊದಲ ಎರಡು ವಾರ ಬರೆಯಲು ಏನೂ ಸಿಗಲಿಲ್ಲ; ‘ಮಳೆ ಬಂತು’, ‘ನೆಂಟರು ಬಂದರು’ ಎಂದು ಬರೆದೆ. ಆಮೇಲೆ ನಿಧಾನವಾಗಿ ಬೇರೆ ಬಗೆಯ ಸಾಲುಗಳು ಬಂದವು. ‘ಬಸ್ಸಿನ ಕಿಟಕಿಯ ಗಾಜಿನ ಮೇಲೆ ಸಣ್ಣ ಹನಿ ಅಂಟಿಕೊಂಡು ನಿಲ್ಲುತ್ತದೆ, ಪಕ್ಕದ ಹನಿ ಬಂದು ಕೂಡಿದ ಮೇಲೆ ಓಡುತ್ತದೆ.’ ‘ದರ್ಜಿಯವನು ದಾರವನ್ನು ಸೂಜಿಗೆ ತರುವುದಿಲ್ಲ, ಸೂಜಿಯನ್ನು ದಾರಕ್ಕೆ ತರುತ್ತಾನೆ.’ ‘ಸಂಜೆ ಆರೂಕಾಲಕ್ಕೆ ಸ್ಟೀಲ್ ಪಾತ್ರೆ ಅಂಗಡಿಯ ಎಲ್ಲ ಕೊಡಗಳಲ್ಲೂ ಎದುರಿನ ಔಷಧಿ ಅಂಗಡಿಯ ಹಸಿರು ದೀಪ.’ ಇವು ಕವಿತೆಯಲ್ಲ, ಯಾರಿಗೂ ತೋರಿಸುವಂಥವೂ ಅಲ್ಲ. ಆದರೆ ಬರೆಯಬೇಕಾಗಿದೆ ಎಂಬ ಸಾಲವೊಂದು ಜೇಬಿನಲ್ಲಿದ್ದರೆ ಕಣ್ಣು ದಿನವಿಡೀ ಅದನ್ನು ತೀರಿಸುವ ದಾರಿ ಹುಡುಕುತ್ತಿರುತ್ತದೆ.

ಮೊಬೈಲನ್ನು ಬಯ್ಯುವುದು ನನ್ನ ವಯಸ್ಸಿನವರ ಕರ್ತವ್ಯವೆಂದು ನೀವು ನಿರೀಕ್ಷಿಸುತ್ತಿರಬಹುದು. ಜೋಗಕ್ಕೆ ಹೋಗಿ ಜಲಪಾತಕ್ಕೆ ಬೆನ್ನು ತಿರುಗಿಸಿ ನಿಂತು ಫೋಟೋ ತೆಗೆಸಿಕೊಳ್ಳುವವರ ಬಗ್ಗೆ ನನಗೂ ತಕರಾರಿದೆ. ಆದರೂ ಒಂದು ಪ್ರಯೋಗ ಹೇಳುತ್ತೇನೆ: ನಿಮ್ಮ ಮನೆಯ ಕಿಟಕಿಯಿಂದ ಕಾಣುವ ಒಂದು ಮರವನ್ನು, ಒಂದೇ ಜಾಗದಲ್ಲಿ ನಿಂತು, ದಿನವೂ ಒಂದೇ ಹೊತ್ತಿಗೆ ಒಂದು ಫೋಟೋ ತೆಗೆಯಿರಿ. ತಿಂಗಳ ಕೊನೆಗೆ ಅವನ್ನು ಸಾಲಾಗಿ ನೋಡಿದರೆ, ನೀವು ‘ಮರ’ ಎಂದುಕೊಂಡಿದ್ದದ್ದು ಯಾವ ಫೋಟೋದಲ್ಲಿಯೂ ಇರುವುದಿಲ್ಲ. ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಚಿಕ್ಕಂದಿನಿಂದ ಕಾಗೆಗಳನ್ನು ಬರೆಯುತ್ತ ಬಂದರು, ಹೆಸರಾಂತ ವ್ಯಂಗ್ಯಚಿತ್ರಕಾರರಾದ ಮೇಲೂ ಬಿಡಲಿಲ್ಲ. ಕಾಗೆಯನ್ನು ನಾವು ನೋಡುವುದು ಓಡಿಸುವುದಕ್ಕೆ, ಇಲ್ಲವೇ ಪಿಂಡಕ್ಕೆ ಬಾರದಿದ್ದಾಗ. ಹೊಸ ದೃಶ್ಯಕ್ಕೆಂದು ದೂರ ಹೋಗುವ ಖರ್ಚನ್ನು ಉಳಿಸುವ ವಿದ್ಯೆ ಇದು ಎಂದಾದರೂ ಒಪ್ಪಿಕೊಳ್ಳಬಹುದು.

ಉಪನ್ಯಾಸ ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ತನ್ನ ಆರು ವರ್ಷದ ಮಗ ದಿನವೂ ಅದೇ ಎರಡು ಗುಡ್ಡ ಬರೆಯುತ್ತಾನೆ, ಆ ಅಭ್ಯಾಸ ತಪ್ಪಿಸಲೇ ಎಂದು ಒಬ್ಬ ತಾಯಿ ಕೇಳಿದರು. ಬೇಡವೆಂದೆ. ‘ಇದು ಯಾವ ಗುಡ್ಡ ಮಗಾ?’ ಎಂದು ಮಾತ್ರ ಕೇಳಿ, ಉತ್ತರಕ್ಕೆ ಕಾಯಿರಿ, ನೀವೇ ಹೇಳಿಕೊಡಬೇಡಿ ಎಂದೆ. ಹಿಂದಿನ ಸಾಲಿನಲ್ಲಿದ್ದ ಕಾಲೇಜು ಹುಡುಗನೊಬ್ಬ, ‘ಸಾರ್, ಇಷ್ಟು ವರ್ಷದ ಅಭ್ಯಾಸದ ಮೇಲೆ ನಿಮಗೆ ಎಲ್ಲವೂ ಇರುವ ಹಾಗೆಯೇ ಕಾಣುತ್ತದೆಯೇ?’ ಎಂದ.

ಕಳೆದ ವಾರದ ಸಂಗತಿಯನ್ನೇ ಅವನಿಗೆ ಹೇಳಿದೆ. ಮುಖದ ಚಿತ್ರ ಬರೆಯುವವರೆಲ್ಲ ಮಾಡುವ ಒಂದು ತಪ್ಪಿದೆ: ಕಣ್ಣನ್ನು ತೀರ ಮೇಲೆ, ಹಣೆಯ ಹತ್ತಿರ ಇಡುವುದು. ನೆತ್ತಿಯಿಂದ ಗಲ್ಲದವರೆಗೆ ಅಳೆದರೆ ಕಣ್ಣಿರುವುದು ಸರಿಯಾಗಿ ಅರ್ಧದಲ್ಲಿ. ಚಿಕ್ಕ ಮಕ್ಕಳಲ್ಲಿ ಅದಕ್ಕಿಂತಲೂ ಕೆಳಗೆ. ಇದನ್ನು ನಾನು 31 ವರ್ಷ ಬೋರ್ಡಿನ ಮೇಲೆ ಗೆರೆ ಎಳೆದು ಕಲಿಸಿದ್ದೇನೆ. ಮೊನ್ನೆ ಮಧ್ಯಾಹ್ನ ಮೂರು ವರ್ಷದ ಮೊಮ್ಮಗಳು ಜಗಲಿಯ ಚಾಪೆಯ ಮೇಲೆ ನಿದ್ದೆ ಹೋಗಿದ್ದಳು, ಎದುರಿಗೆ ಕುಳಿತು ಬರೆದೆ. ಮುಗಿಸಿ ನೋಡಿದರೆ ಕಣ್ಣು ಹಣೆಗೆ ಏರಿತ್ತು. ಅಳಿಸಿ, ಪೆನ್ಸಿಲಿನಿಂದ ಅಳತೆ ಹಿಡಿದು ಮತ್ತೆ ಬರೆದೆ. ಎರಡನೆಯ ಸಲವೂ ಸ್ವಲ್ಪ ಮೇಲೆಯೇ ಬಂದಿತ್ತು. ಅಷ್ಟರಲ್ಲಿ ಅವಳು ಎದ್ದಳು.